ಸವತಿಗೆ ಸಿಗದ ಲಸಿಕೆ

ಮೇ ೧೨, ೨೦೧೫. ಮಕೇನಿ.

ಎಬೋಲಾ ಲಸಿಕೆಯಿಂದ ತೊಂದರೆಯುಂಟೇ ಎಂದು ನೋಡುವ ಪರೀಕ್ಷೆಗೆ ಇವತ್ತು ನಾನೂ ಸವತಿ ರುಗಿಯಾತುವೂ ಹೋಗಿದ್ದೆವು. ಇಬ್ಬರೂ ಒಂದೇ ವಾರ್ಡಿನ ನರ್ಸುಗಳು. ನನಗೆ ಚುಚ್ಚಿದರು. ಅವಳಿಗೆ ಇಲ್ಲ. "ಬಸುರಿಯರಿಗೆ ಕೊಡೋ ಹಾಗಿಲ್ಲಮ್ಮ," ಅಂದರು ಡಾಕ್ಟರು. ಅಲ್ಲಿ ಮೂತ್ರ ಪರೀಕ್ಷೆ ಮಾಡುವವರೆಗೂ ಬಸುರಿಯೆಂದು ಅವಳಿಗೇ ಗೊತ್ತಿರಲಿಲ್ಲ.

ದಾರಿಯುದ್ದಕ್ಕೂ ಅತ್ತಳು. "ನೀನು ಬದುಕ್ಕೋತೀಯ ಅಕ್ಕಾ. ನನ್ನ ಗತಿ ಏನು?"

ಒಂದು ಮಗುವಿಗಾಗಿ ಹನ್ನೊಂದು ವರ್ಷ ಕಾದವಳು ನಾನು. ಅವಳು ಈ ಮನೆಗೆ ಬಂದು ಎಂಟೇ ತಿಂಗಳು. ಹೊಟ್ಟೆ ಉರಿದುಹೋಯಿತು. "ಬಾಯ್ಮುಚ್ಕೊಂಡು ನಡಿಯೇ," ಎಂದೆ.

ತೋಳು ಊದಿದೆ, ಜ್ವರವೂ ಇದೆ. ಈ ಲಸಿಕೆ ಕಾಯುತ್ತದೋ ಇಲ್ಲವೋ, ಇನ್ನೂ ಯಾರಿಗೂ ಗೊತ್ತಿಲ್ಲ. ಆದರೂ ಸಂಜೆ ಮೇಟ್ರನ್ ಬಳಿ ಹೋಗಿ, ಎಬೋಲಾ ವಾರ್ಡಿನ ಅವಳ ಪಾಳಿಯನ್ನೂ ನನಗೇ ಹಾಕಿ ಎಂದೆ.

"ಎಷ್ಟು ಒಳ್ಳೇವಳೇ ನೀನು!" ಎಂದರು.

ಒಳ್ಳೆಯತನವಲ್ಲ. ಇವತ್ತು ದಾರಿಯಲ್ಲಿ, ಒಂದು ಗಳಿಗೆ, ಅವಳು ಸಾಯಲಿ ಎಂದುಕೊಂಡಿದ್ದೆ.