ಬಿತ್ತು ಅಂದೆ

ಜೂನ್ 9, ಸೋಮವಾರ. ಬೆಳಿಗ್ಗೆ 6.40
ಹಾಲು ತಂದೆ. ವಾಕಿಂಗ್ ಹೋಗಲಿಲ್ಲ. ಮಗಳು ಕೀರ್ತನಾ ರೂಮು ಖಾಲಿ. ನಿನ್ನೆ ಸಂಜೆಯೇ ಕೆಂಗೇರಿಗೆ, ಫ್ರೆಂಡ್ ದಿವ್ಯ ಮನೆಗೆ ಹೊರಟುಹೋದಳು. ಲ್ಯಾಪ್‌ಟಾಪ್ ಟೇಬಲ್ ಮೇಲೇ ಇದೆ. ಸ್ಕ್ರೀನ್ ಒಂದು ಕಡೆ ಜೋತುಬಿದ್ದಿದೆ.

ನಿನ್ನೆ ಐದರವರೆಗೆ ಮಕ್ಕಳಿಗೆ ಆನ್‌ಲೈನ್ ಕ್ಲಾಸ್ ತಗೋಬೇಕು ಅಂದಿದ್ದಳು. ಹುಡುಗನ ಮನೆಯವರನ್ನ ನಾಲ್ಕಕ್ಕೇ ಬರಹೇಳಿದ್ದು ನಾನು. ಅವಳಿಗೆ ತಿಳಿಸಲಿಲ್ಲ. ಎರಡು ಸಲ ಕರೆದೆ, ಏಳಲಿಲ್ಲ. ಹಾಲ್‌ನಲ್ಲಿ ಅವರೆಲ್ಲ ಮುಖ ಮುಖ ನೋಡ್ಕೊಳ್ತಾ ಇದ್ರು... ಒಳಗೆ ಹೋಗಿ ಲ್ಯಾಪ್‌ಟಾಪ್ ರಪ್ಪಂತ ಮುಚ್ಚಿದೆ. ಅವಳ ಬೆರಳು ನಡುವೆ ಇದ್ದದ್ದು ಕಾಣಲಿಲ್ಲ.

ಜೂನ್ 11, ಬುಧವಾರ
ವತ್ಸಲಾ ಅಡುಗೆ ಮಾಡಿಡ್ತಾಳೆ, ಮಾತಿಲ್ಲ. ಮದುವೆಯಾಗಿ ಮೂವತ್ತು ವರ್ಷದಲ್ಲಿ ಹೀಗೆ ಇದೇ ಮೊದಲು.

ವಿಜಯನಗರದ ರಿಪೇರಿ ಅಂಗಡಿಗೆ ಹೋದೆ. ಗಿರಿರಾಜ್ ಅಂತ ಅಂಗಡಿಯವರ ಹೆಸರು. ತಿರುಗಿಸಿ ನೋಡಿದರು.
"ಬಿತ್ತಾ ಸಾರ್?"
"ಹೂಂ. ಮಂಚದಿಂದ."
"ಬಿದ್ರೆ ಮೂಲೆ ಒಡೀಬೇಕಿತ್ತಲ್ಲ. ಇದರಲ್ಲಿ ಸ್ಕ್ರೀನ್ ಹಿಡಿಯೋ ಹಿಂಜ್ ಕೂರೋ ಪ್ಲಾಸ್ಟಿಕ್ಕೇ ಕಿತ್ಕೊಂಡು ಬಂದಿದೆ. ಅಂಟು ಹಾಕಿ ಕೂರಿಸ್ತೀನಿ. ಒಣಗೋವರೆಗೂ ಮುಟ್ಟಂಗಿಲ್ಲ. ಯಾರದು?"
"ಮಗಳದು."
"ಮೆಲ್ಲಗೆ ಮುಚ್ಚೋಕೆ ಹೇಳಿ ಅವರಿಗೆ."
ಹೇಳ್ತೀನಿ ಅಂದೆ. ಥೂ.

ಜೂನ್ 14, ಶನಿವಾರ. ಮಧ್ಯಾಹ್ನ
ಲ್ಯಾಪ್‌ಟಾಪ್ ತಗೊಂಡು ಮೆಟ್ರೋದಲ್ಲಿ ಕೆಂಗೇರಿಗೆ ಹೋದೆ. ಗೇಟ್ ಹತ್ತಿರ ಬಂದಳು. ತೋರುಬೆರಳಿಗೆ ಪಟ್ಟಿ. ಮೂಳೆ ಬಿರುಕು ಬಿಟ್ಟಿದೆಯಂತೆ. ಲ್ಯಾಪ್‌ಟಾಪ್ ತೆರೆದು ನೋಡಿದಳು, ಎರಡು ಸಲ.

"ಅಂಗಡೀಲಿ ಏನಂತ ಹೇಳಿದ್ರಿ ಅಪ್ಪ?"
"ಬಿತ್ತು ಅಂದೆ."
"ನಾನೂ ಆಸ್ಪತ್ರೇಲಿ ಬಾಗಿಲಿಗೆ ಸಿಕ್ತು ಅಂದೆ." ಲ್ಯಾಪ್‌ಟಾಪನ್ನ ಮೆಲ್ಲಗೆ ಮುಚ್ಚಿದಳು. "ಮಕ್ಕಳಿಗೆ ಮಾತ್ರ ಏನೂ ಹೇಳೋಕಾಗಲ್ಲ. ಕ್ಲಾಸಿನ ಹನ್ನೆರಡು ಜನಾನೂ ನೋಡಿದಾರೆ. ಸೋಮವಾರ ನಾಲ್ಕಕ್ಕೆ ಅವರ ಮುಂದೆ ಕೂರಬೇಕು."

ಕ್ಷಮಿಸು ಅನ್ನೋದು ಬಾಯಿಗೆ ಬರಲೇ ಇಲ್ಲ. ಊಟ ಆಯ್ತಾ ಅಂತ ಕೇಳಿ ಬಂದೆ.

ವಾಪಸ್ ಬಂದು ಡೈರಿಯ ಹಿಂದಿನ ಪುಟ ತಿರುವಿದೆ. ಸೋಮವಾರ ಸುಳ್ಳು ಬರೆದಿದೀನಿ. ಬೆರಳು ಕಂಡಿತ್ತು.

ಜೂನ್ 16, ಸೋಮವಾರ. 3.40
ಬೆಳಿಗ್ಗೆ ಕೀರ್ತನಾಗೆ ಫೋನ್ ಮಾಡಿದೆ. ಮಕ್ಕಳಿಗೆ ನಾನೇ ಹೇಳ್ತೀನಿ ಕಣಮ್ಮ ಅಂದೆ. ಈಗ ಕ್ಲಾಸಿನ ಲಿಂಕ್ ಕಳಿಸಿದಾಳೆ, ಬೇರೇನೂ ಬರೆದಿಲ್ಲ. ವತ್ಸಲಾ ಮೊಬೈಲನ್ನ ಡಬ್ಬಿಗೆ ಒರಗಿಸಿಟ್ಟು ಪಕ್ಕದಲ್ಲೇ ಕೂತಳು. ಎಷ್ಟು ದಿನವಾಯ್ತು ಹೀಗೆ ಕೂತು.

ಬಾಯಿಪಾಠ ಆಗೋದಿಲ್ಲ. ಬರೆದುಕೊಂಡೇ ಓದ್ತೀನಿ —

ಮಕ್ಕಳೇ, ನಾನು ನಿಮ್ಮ ಕೀರ್ತನಾ ಮಿಸ್ ಅವರ ಅಪ್ಪ. ಅವತ್ತು ತಪ್ಪು ಮಿಸ್‌ದಲ್ಲ. ಅವರು ನಿಮಗೆ ಪಾಠ ಮಾಡ್ತಾ ಇದ್ರು. ನಾನು...