ನಾಲ್ಕು ‘ಇಲ್ಲ’

ಮಾರ್ಚ್ 6, 1984. ಮಂಗಳವಾರ
ಕಣ್ಣಾಸ್ಪತ್ರೆ ಕಡೆಯಿಂದ ಹೆಬ್ಬೂರಿನ ಮನೆ ಭೇಟಿ ಮುಗೀತು. ಗುಂಡಯ್ಯನವರಿಗೆ ಹಾಕಿದ ದಾನದ ಕಣ್ಣು ಚೆನ್ನಾಗಿದೆ. ಕೆಂಪು, ನೋವು, ನೀರು, ಮಂಜು — ಕಾರ್ಡಲ್ಲಿ ನಾಲ್ಕಕ್ಕೂ ‘ಇಲ್ಲ’. ಒಂದು ‘ಇದೆ’ ಆದರೂ ಅದೇ ದಿನ ಆಸ್ಪತ್ರೆಗೆ ಕರೆತರಬೇಕು. ತಡವಾದರೆ ಮೈ ಆ ಕಣ್ಣನ್ನು ಒಪ್ಪುವುದಿಲ್ಲವಂತೆ.
ನಮ್ಮನೆಯವರು ಹೋಗಿ ಐವತ್ತೈದು ದಿನ. ಅವರ ಕಣ್ಣೂ ದಾನ ಕೊಟ್ಟೆ. ಯಾರಿಗೆ ಹಾಕಿದರು — ಕೇಳುವ ಹಾಗಿಲ್ಲ, ಆಸ್ಪತ್ರೆ ನಿಯಮ.

ಮಾರ್ಚ್ 8, ಗುರುವಾರ
ಜೊತೆ ಕೆಲಸದ ರಂಗಮ್ಮ ರಜೆ. ಅವಳ ಗುಬ್ಬಿ ಊರಿನ ಕಾರ್ಡು ನನಗೆ ಬಂತು. ಮೆಹರ್ ಬಾನು, ಟೈಲರ್ ಅಹಮದ್ ಪಾಷಾರ ಹೆಂಡತಿ. ಆಪರೇಷನ್ ಜನವರಿ 12. ಬಸ್ಸಲ್ಲಿ ಎರಡು ಸಲ ಓದಿದೆ. ನಮ್ಮನೆಯವರು ಹೋದ ಮಾರನೇ ದಿನ. ಆ ವಾರ ಆಸ್ಪತ್ರೆಗೆ ಬೇರೆ ಯಾರ ಕಣ್ಣೂ ಬಂದಿರಲಿಲ್ಲ...
ಮೆಹರ್ ಬಾನು ನಾಲ್ಕಕ್ಕೂ ‘ಇಲ್ಲ’ ಅಂದರು. ಮುಖ ಗೋಡೆ ಕಡೆ. ತಿರುಗಿಸಿದೆ. ಹಾಕಿದ ಕಣ್ಣು ಕೆಂಪಗಿತ್ತು.
“ಈರುಳ್ಳಿ ಹೆಚ್ತಿದ್ದೆ ಅಕ್ಕ.”
“ಒಂದೇ ಕಣ್ಣಿಗೆ ತಾಗ್ತದಾ ಈರುಳ್ಳಿ?”
ಮತ್ತೆ ಗೋಡೆ ಕಡೆ ತಿರುಗಿದರು. ಆಮೇಲೆ — “ಕೊಟ್ಟೋರು ಸತ್ತೋಗವ್ರೆ. ಅವ್ರ್ ಕೊಟ್ಟಿದ್ದು ನೋಯ್ತದೆ ಅಂತ ಹೆಂಗ್ ಹೇಳ್ಲಿ? ದೂರು ಹೇಳ್ದಂಗಾಗಲ್ವಾ?” ಮೂರು ದಿನದಿಂದ ಹೀಗೇ ಮುಚ್ಚಿಟ್ಟಿದ್ದಾರೆ.
“ಅವರು ಹಾಗೆಲ್ಲ ಬೇಜಾರು ಮಾಡ್ಕೊಳ್ಳೋರಲ್ಲ” ಅಂದುಬಿಟ್ಟೆ.
“ನಿಮ್ಗೆ ಹೆಂಗೊತ್ತು?”
“ಬಸ್ಸಿಗೆ ಟೈಮಾಯ್ತು. ಏಳಿ.”
ಆಸ್ಪತ್ರೆಯಲ್ಲಿ ಡಾಕ್ಟರು ಕಾರ್ಡಲ್ಲಿ ಬರೆದರು — ಮೈ ತಿರುಗಿಬಿದ್ದಿದೆ. ಕಣ್ಣು ಉಳಿಯುವುದೋ ಇಲ್ಲವೋ ಹೇಳಲಾಗದು. ಗಂಟೆಗೊಂದು ಸಲ ಡ್ರಾಪ್ಸ್.

ಮಾರ್ಚ್ 14
ಮೆಹರ್ ಬಾನು ವಾರ್ಡಲ್ಲೇ. ಡ್ರಾಪ್ಸ್ ನಾನೇ ಹಾಕುತ್ತಿದ್ದೇನೆ. ಕೆಂಪು ಇಳಿದಿಲ್ಲ. ನಮ್ಮನೆಯವರನ್ನು ಎರಡನೇ ಸಲ ಕಳಿಸಲಾರೆ.

ಮಾರ್ಚ್ 19
ಕೆಂಪು ಇಳಿದಿದೆ! ಡಾಕ್ಟರು ದೊಡ್ಡ ಲೆನ್ಸಿನ ಮೆಷಿನ್‌ನಲ್ಲಿ ನನಗೂ ತೋರಿಸಿದರು. ಬಾವಿಯ ತಿಳಿನೀರಿನ ಹಾಗಿತ್ತು. ಸುತ್ತ ಕೂದಲಿಗಿಂತ ಸಣ್ಣ ಹೊಲಿಗೆ. ಮಣ್ಣಿಗೆ ಹೋದವರದು... ಬೆಳಕು ಕುಡಿಯುತ್ತಿದೆ.

ಏಪ್ರಿಲ್ 5, ಗುರುವಾರ
ಗುಬ್ಬಿ. ನಾಲ್ಕೂ ‘ಇಲ್ಲ’. ನಿಜವಾದ ‘ಇಲ್ಲ’.
ಪಾಷಾ ಮಿಷನ್ ತುಳಿಯುತ್ತಲೇ ಗೊಣಗಿದರು: “ಈಗ ನನ್ ಹೊಲ್ಗೆ ಸೊಟ್ಟ ಅಂತಾಳೆ ನೋಡಿ. ಕಾಣ್ದೇ ಇದ್ದಾಗ್ಲೇ ವಾಸಿಯಿತ್ತು!” ಹೇಳುತ್ತಾ ಕಣ್ಣೊರೆಸಿಕೊಂಡರು.
ಟಾರ್ಚ್ ತೆಗೆದೆ. ಮೆಹರ್ ಬಾನು ಕೈ ಹಿಡಿದರು. “ಅದು ಬ್ಯಾಡ ಅಕ್ಕ. ಹತ್ರ ಬನ್ನಿ. ನಿಮ್ ಮುಖ ಸರ್ಯಾಗಿ ನೋಡ್ಬೇಕು.”
ಹತ್ತಿರ ಹೋದೆ. ರೆಪ್ಪೆ ಅಲ್ಲಾಡಿಸದೆ ನೋಡಿದರು. ಆ ಕಣ್ಣೊಳಗೆ ಬಾಗಿಲ ಬೆಳಕು. ಬೆಳಕಲ್ಲಿ ನಾನು, ಸಾಸಿವೆಯಷ್ಟು. ಯಾರ ಕಣ್ಣೆಂದು ಹೇಳಬಾರದು. ಹೇಳಲಿಲ್ಲ. ಸೆರಗು ಸರಿಮಾಡಿಕೊಂಡೆ, ನಮ್ಮನೆಯವರು ಡ್ಯೂಟಿಯಿಂದ ಬಂದಾಗ ಮಾಡಿಕೊಳ್ಳುತ್ತಿದ್ದ ಹಾಗೆ. ಆಮೇಲೆ ಕಾರ್ಡಲ್ಲಿ ನಾಲ್ಕು ‘ಇಲ್ಲ’ ಬರೆದೆ.