ಸ್ಟಾಕ್ ನೋಡಿ ಬರ್ತೀನಿ

ನನ್ನ ಹೆಂಡತಿಯೂ ಬಣ್ಣದಂಗಡಿಯ ಅರ್ಧ ಒಡತಿಯೂ ಆದವಳಿಗೆ,

ಮೊದಲು ನಷ್ಟ ಹೇಳಿಬಿಡುತ್ತೇನೆ: ನಾಲ್ಕು ವರ್ಷದ ಮಧ್ಯಾಹ್ನಗಳು, ನಿನ್ನ ಜೊತೆ ಉಣ್ಣಬೇಕಿದ್ದ ಅಷ್ಟೂ ಊಟ, ಮತ್ತು ನನ್ನ ಮಾತಿನ ಮೇಲೆ ನೀನಿಟ್ಟಿದ್ದ ನಂಬಿಕೆ.

"ಸ್ಟಾಕ್ ನೋಡಿ ಬರ್ತೀನಿ" ಎಂದು ದಿನಾ ಗೋದಾಮಿಗೆ ಹೋಗುತ್ತಿದ್ದೆನಲ್ಲ, ಅಲ್ಲಿ ಒಂದು ಡಬ್ಬವನ್ನೂ ಎಣಿಸಿದವನಲ್ಲ ನಾನು. ಚಿಲಕ ಹಾಕಿಕೊಂಡು ಫೋನಿನಲ್ಲಿ ಅಶ್ಲೀಲ ವಿಡಿಯೋ ನೋಡುತ್ತಿದ್ದೆ. ಇವತ್ತೇ ಕೊನೆ ಎಂದುಕೊಂಡೇ ಪ್ರತಿದಿನ ಹೋಗಿದ್ದೇನೆ. ಬೇಡದ ಬಣ್ಣವನ್ನೂ ಗಿರಾಕಿಯ ತಲೆಗೆ ಕಟ್ಟುವ ನನಗೆ ನನ್ನನ್ನೇ ಒಪ್ಪಿಸಲು ಆಗಲಿಲ್ಲ.

ನೀನು ಪಾಪ, ಗಂಡ ದುಡಿದು ಸಾಯ್ತಾನೆ ಅಂದುಕೊಂಡು, ಅಂಗಡಿಗೆ ರಜೆಯಿದ್ದ ದಿನ ಒಬ್ಬಳೇ ಕೂತು ಎಲ್ಲ ಡಬ್ಬ ಎಣಿಸಿ ಬರೆದಿಟ್ಟೆ. ಮರುದಿನ, "ತಗೊಳ್ರೀ, ಸ್ಟಾಕ್ ಮುಗೀತು. ಇನ್ಮೇಲೆ ನನ್ ಜೊತೆ ಕೂತು ಊಟ ಮಾಡಿ" ಅಂದೆ. "ನಿನ್ನನ್ಯಾರು ಎಣಿಸು ಅಂದ್ರು?" ಎಂದು ನಾನು ಗಿರಾಕಿಗಳ ಮುಂದೆಯೇ ರೇಗಿ, ಮತ್ತೆ ಗೋದಾಮಿಗೇ ಹೋದೆ. ಆ ರೇಗಾಟಕ್ಕೆ ನೀನು ಅಕ್ಕನ ಮನೆ ಸೇರಿದೆ. ಅದರ ಹಿಂದಿದ್ದದ್ದು ನಿನಗೆ ಈಗಷ್ಟೇ ಗೊತ್ತಾಗುತ್ತಿದೆ.

ಗೋದಾಮಿನ ಎರಡೂ ಕೀಲಿ ಈ ಲಕೋಟೆಯಲ್ಲಿವೆ. ಡಬ್ಬಗಳನ್ನೆಲ್ಲ ಅಂಗಡಿಯೊಳಗೇ ಪೇರಿಸಿದ್ದೇನೆ, ಗಿರಾಕಿಗಳು ಅಡ್ಡಡ್ಡ ನಡೆದು ಒಳಗೆ ಬರುತ್ತಾರೆ. ಮಂಗಳವಾರ ಈ ಚಟ ಬಿಡಿಸುವ ಡಾಕ್ಟರನ್ನು ಕಾಣುತ್ತೇನೆ. ಬರುವುದು, ಬಿಡುವುದು ನಿನ್ನಿಷ್ಟ. ಕೀಲಿ ಮಾತ್ರ ವಾಪಸ್ ಕಳಿಸಬೇಡ.

ಇದರಲ್ಲಿ ಯಾರಿಗೆ ಏನು ಸಿಕ್ಕಿತು ಎಂದರೆ, ನನಗೆ ನಾಚಿಕೆ, ನಿನಗೆ ತಡವಾಗಿ ಬಂದ ನಿಜ. ಅಂಗಡಿಗೆ ಮಾತ್ರ ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಸರಿಯಾದ ಸ್ಟಾಕ್ ಪಟ್ಟಿ ಸಿಕ್ಕಿತು, ನಿನ್ನ ಅಕ್ಷರದಲ್ಲಿ.

ಇಂತಿ,
ಎಣಿಸಲು ಹೋಗಿ ಎಣಿಸದ ನಿನ್ನ ಗಂಡ